ನಾವು ಬಿಟ್ಟ ನೆಲ

ಆಸ್ಪತ್ರೆಯ ಬಟ್ಟೆಮನೆಯಲ್ಲಿ ಇಸ್ತ್ರಿಯಕ್ಕನ ಕೈಚೀಲವನ್ನು ಮಾತ್ರ ದಿನವೂ ತಡಕುತ್ತಿದ್ದರು. ಉಳಿದವರದ್ದನ್ನು ಯಾವಾಗಲಾದರೊಮ್ಮೆ, ಅದೂ ಮೇಸ್ತ್ರಿ ಹೆಂಡತಿಯ ಹತ್ತಿರ ಬೈಸಿಕೊಂಡು ಬಂದ ದಿನ. ಇವಳದ್ದು ಹಾಗಲ್ಲ. ಕೆಲಸ ಮುಗಿಸಿ ಬಾಗಿಲ ಹತ್ತಿರ ಬಂದರೆ ಸಾಕು, ಮೇಸ್ತ್ರಿ ಕುರ್ಚಿಯಿಂದ ಏಳದೆಯೇ ಕೈ ಚಾಚುತ್ತಿದ್ದ. "ತಪ್ಪು ತಿಳ್ಕೋಬೇಡಮ್ಮ, ರೂಲ್ಸು," ಅನ್ನುತ್ತಿದ್ದ. ಚೀಲದೊಳಗೆ ಇರುತ್ತಿದ್ದದ್ದು ಖಾಲಿ ಊಟದ ಡಬ್ಬಿ, ಬಾಚಣಿಗೆ, ಸುಟ್ಟ ಬೆರಳಿಗೆ ಹಚ್ಚುವ ಮುಲಾಮು. ಅದನ್ನೇ ಅವನು ಚಿನ್ನದಂಗಡಿಯವನ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಯಾಕೆಂದರೆ ಅವಳು ಗುಡ್ಡದವಳು. ಪೇಟೆಯವರ ಬಾಯಲ್ಲಿ 'ಹೊಗೆಯವರು'. ಇಳಿಜಾರಿನ ಒಣಪೊದೆ ಸುಟ್ಟು ಆ ಬೂದಿಯಲ್ಲಿ ಬೀಜ ಎಸೆಯುವ ಜನ ಎಂದು ಆ ಹೆಸರು. ಪೇಟೆ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಇದ್ದವರು ಇವರು. ರೈಲು ನಿಲ್ದಾಣ, ಕಚೇರಿ, ಕಡೆಗೆ ಈ ಆಸ್ಪತ್ರೆ ನಿಂತ ನೆಲದಲ್ಲೂ ಇವರ ಮುತ್ತಜ್ಜಿಯರು ಬಿತ್ತಿದ್ದರಂತೆ. ಈಗ ಆಸ್ಪತ್ರೆಯ ಚೀಟಿಯಲ್ಲಿ 'ಜನಾಂಗ' ಎಂದಿರುವ ಕಡೆ ಇವರ ಪಾಲಿಗೆ ಉಳಿದಿರುವುದು 'ಇತರೆ' ಎನ್ನುವ ಖಾನೆ ಮಾತ್ರ. ಇರಲಿ, ಅದೂ ಒಂದು ಜಾಗವೇ ಅಂದುಕೊಂಡು ಬದುಕಿದ್ದರು.

ಅನುಮಾನಕ್ಕೆ ಒಳಗಾಗುವುದು ಅವಳಿಗೆ ಹೊಸದಲ್ಲ. ಬಿಸಿ ಇಸ್ತ್ರಿಪೆಟ್ಟಿಗೆಯ ಹಾಗೆ ಅದೂ ರೂಢಿಯಾಗಿಹೋಗಿತ್ತು. ತಾನು ಇನ್ನೊಬ್ಬರನ್ನು ಅನುಮಾನಿಸುವುದು ಮಾತ್ರ ರೂಢಿಯಿರಲಿಲ್ಲ, ಅದೂ ಬೆನ್ನಿಗೆ ಬಿದ್ದು ಹುಟ್ಟಿದ ತಮ್ಮನನ್ನು.

ತಮ್ಮನಿಗೆ ಗುಡ್ಡದಲ್ಲಿ 'ಬೂಟು' ಎಂದು ಹೆಸರು. ಹಾಲುಹಲ್ಲು ಬಿದ್ದ ವರ್ಷವೇ ಅವನನ್ನು ಸರ್ಕಾರದ ಹಾಸ್ಟೆಲಿಗೆ ಒಯ್ದಿದ್ದರು. ಮೊದಲ ರಜೆಗೆ ತಲೆ ಬೋಳಿಸಿಕೊಂಡು, ಕಾಲಿಗೆ ಎರಡು ಪಟ್ಟು ದೊಡ್ಡ ಬೂಟು ಹಾಕಿಕೊಂಡು ಬಂದ. ಗುಡ್ಡದ ಮಾತಿನಲ್ಲಿ ಏನಾದರೂ ಕೇಳಿದರೆ ಹೊಡೆತ ತಪ್ಪಿಸಿಕೊಳ್ಳುವವನ ಹಾಗೆ ತಲೆ ತಗ್ಗಿಸುತ್ತಿದ್ದ. ದೊಡ್ಡವನಾದ ಮೇಲೆ ಅದೇ ಮಾತು ಅವನಿಗೆ ಅನ್ನ ಕೊಟ್ಟಿತು. ಎರಡೂ ಮಾತು ಬಲ್ಲವನು ಅಂತ ನೆಲದ ಕಚೇರಿಯಲ್ಲಿ ದುಭಾಷಿಯ ಕೆಲಸ ಸಿಕ್ಕಿತು. ಆಗ ಗುಡ್ಡಕ್ಕೆ ಗುಡ್ಡವೇ ಅವನನ್ನು ತಲೆ ಮೇಲೆ ಹೊತ್ತುಕೊಂಡು ಕುಣಿದಿತ್ತು. ನಮ್ಮ ಬಾಯೊಂದು ಕಚೇರಿಯೊಳಗೆ ಸೇರಿತು ಎಂದು ಸೋದರಮಾವ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಈಗ ಅದೇ ಮಾವ ಅವನ ಹೆಸರೆತ್ತಿದರೆ ಉಗುಳುತ್ತಿದ್ದ.

ಆದದ್ದು ಇಷ್ಟು. ಗುಡ್ಡದವರು ಉಪಯೋಗಿಸುವ ನೆಲ ಗುಡ್ಡದವರದ್ದೇ ಎಂದು ಹೊಸ ಕಾಯಿದೆ ಬಂದಿತ್ತು. ಕಾಗದಪತ್ರ ಇಲ್ಲದಿದ್ದರೂ ಪರವಾಗಿಲ್ಲ, ಹಿರಿಯರ ಬಾಯಿಮಾತೇ ಸಾಕ್ಷಿ ಅಂದಿದ್ದರು. ಹೋದ ವರ್ಷ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಗುಡ್ಡದ ಪರವಾಗಿ ಮಾವ ಒಳಗೆ ಹೋದ, ಜೊತೆಗೆ ದುಭಾಷಿಯಾಗಿ ತಮ್ಮ. ಬೇರೆ ಯಾರನ್ನೂ ಒಳಗೆ ಬಿಡಲಿಲ್ಲ. ಕೆಳಗಿನ ಕೇರಿ, ತೊರೆ, ಮನೆಗಳ ಸುತ್ತಲಿನ ಜಾಗ ಇವರದ್ದೇ ಎಂದು ತೀರ್ಪಾಯಿತು. ಆದರೆ ಮೇಲ್ದಡ? ಇವರ ಅನ್ನವೆಲ್ಲ ಹುಟ್ಟುವ ಆ ದೊಡ್ಡ ಇಳಿಜಾರಿಗೆ ವಾರಸುದಾರರೇ ಇಲ್ಲ ಎಂದು ಬರೆದುಬಿಟ್ಟರು. ಕಾರಣ: 'ಮೇಲ್ದಡವನ್ನು ತಾವು ಬಿಟ್ಟಿರುವುದಾಗಿ ಸದರಿ ಜನರೇ ದುಭಾಷಿಯ ಮೂಲಕ ಒಪ್ಪಿಕೊಂಡಿರುತ್ತಾರೆ.' ಕಲ್ಲು ಕಂಪನಿಯವರು ಕಾದು ಕೂತವರ ಹಾಗೆ ಮರುವಾರವೇ ಬಂದು ಬಿಳಿ ಬಣ್ಣದ ಗೂಟ ನೆಟ್ಟರು.

"ನಾನು ಪೇಟೆ ಮಾತಲ್ಲೇ ಹೇಳಿದ್ದೆ ಕಣೇ!" ಎಂದು ಮಾವ ಅಕ್ಕನ ಮುಂದೆ ಎದೆ ಬಡಿದುಕೊಂಡಿದ್ದ. "ದುಭಾಷಿ ಗಿಭಾಷಿ ನಂಗ್ಯಾಕೆ? ಸಾಹೇಬರ ಮುಖ ನೋಡಿ, ಅದು ನಮ್ಮದೇ ಅಂತ ನೇರವಾಗಿ ಹೇಳಿದೆ. ಸಾಹೇಬರಿಗೆ ನನ್ನ ಉಚ್ಚಾರ ತಿಳೀಲಿಲ್ಲ. ಏನಂತೆ ಅಂತ ಇವನನ್ನ ಕೇಳಿದ್ರು. ಇವನು ಅದೇನು ಊದಿದನೋ! ಮಧ್ಯೆ ಬಾಯಿ ಹಾಕಿ ಮಣ್ಣು ಮಾಡಿದ."

ಮಾವ ಸುಳ್ಳು ಹೇಳುವವನಲ್ಲ. ಅದು ಗುಡ್ಡಕ್ಕೆಲ್ಲ ಗೊತ್ತು. ಒಮ್ಮೆ ಅತ್ತೆಗೆ ಕೊಟ್ಟಿದ್ದ ಜ್ವರದ ಗುಳಿಗೆಯನ್ನು ತಾನೇ ನುಂಗಿದ್ದನ್ನು ಯಾರೂ ಕೇಳದಿದ್ದರೂ ಊರೆಲ್ಲ ಹೇಳಿಕೊಂಡು ಬಂದ ಪುಣ್ಯಾತ್ಮ ಅವನು. ಮಾವ ಸುಳ್ಳಲ್ಲ ಅಂದ ಮೇಲೆ ಸುಳ್ಳಾಡಿದ್ದು ಯಾರು? ಲೆಕ್ಕ ಸುಲಭವಾಗಿತ್ತು.

ಅಕ್ಕ ಮೊದಮೊದಲು ಜಗಳವಾಡಿದಳು. ನನ್ನ ತಮ್ಮ ಅಂಥವನಲ್ಲ, ಇದರಲ್ಲಿ ಏನೋ ಎಡವಟ್ಟಾಗಿದೆ ಎಂದು ಅತ್ತೆಯ ಬಾಯಿಗೆ ಬಾಯಿ ಕೊಟ್ಟಳು. ಆದರೆ ತಮ್ಮನ ನಡತೆಯೇ ಅವಳ ಕೈ ಹಿಡಿಯಲಿಲ್ಲ. ಯಾರೇನು ಕೇಳಿದರೂ ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಗುಡ್ಡಕ್ಕೆ ಬರುವುದು ನಿಲ್ಲಿಸಿದ. ಭಾನುವಾರಗಳಲ್ಲಿ ಅಕ್ಕನ ಬಾಡಿಗೆ ಕೋಣೆಗೆ ಊಟಕ್ಕೆ ಬರುತ್ತಿದ್ದವನು ಹೊಟ್ಟೆ ಸರಿಯಿಲ್ಲ, ತಲೆ ಸರಿಯಿಲ್ಲ ಎಂದು ನೆಪ ತೆಗೆದ. ಒಂದು ಸಂಜೆ ಬಸ್ಸಿನ ಕಿಟಕಿಯಿಂದ ನೋಡುತ್ತಾಳೆ, ಕಂಪನಿಯ ಜೀಪಿನ ಪಕ್ಕ ನಿಂತು ಅವರ ವಕೀಲನ ಜೊತೆ ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದಾನೆ! ಮರುದಿನ ಕೇಳಿದರೆ, "ಯಾವ ವಕೀಲ? ನೀನು ಬೇರೆ ಯಾರನ್ನೋ ನೋಡಿರ್ತೀಯ," ಅಂದ. ಅವಳು ನೋಡಿದ್ದು ಅವನನ್ನೇ. ಅವನ ಅಂಗಿಗೆ ಇಸ್ತ್ರಿ ಹಾಕಿದವಳೇ ಅವಳು, ಬೆನ್ನಿನ ಮಡಿಕೆ ನೋಡಿದರೆ ಸಾಕು.

ಅಂದಿನಿಂದ ಅವಳಿಗೆ ಎಲ್ಲದರಲ್ಲೂ ಹುಳುಕೇ ಕಂಡಿತು. ಹೊಸ ಬೆಲ್ಟು ಎಲ್ಲಿಂದ ಬಂತು? ಫೋನು ಬಂದರೆ ಯಾಕೆ ಎದ್ದು ಹೊರಗೆ ಹೋಗುತ್ತಾನೆ? ನನ್ನನ್ನು ಕಂಡರೆ ಯಾಕೆ ನಗುತ್ತಾನೆ? ನಗದಿದ್ದರೆ, ಯಾಕೆ ನಗುವುದಿಲ್ಲ? ಮೇಸ್ತ್ರಿ ತನ್ನ ಚೀಲ ತಡಕುವ ಹಾಗೆ ಅವಳು ತಮ್ಮನನ್ನು ತಡಕತೊಡಗಿದ್ದಳು. ಅದು ಅವಳಿಗೂ ಹೊಳೆದಿತ್ತು. ಛೇ, ಎಂಥ ಹೆಂಗಸಾದೆ ನಾನು ಎಂದು ತನ್ನ ಮೇಲೇ ಅಸಹ್ಯಪಟ್ಟುಕೊಳ್ಳುತ್ತಿದ್ದಳು, ಮತ್ತೆ ತಡಕುತ್ತಿದ್ದಳು.

ಅಷ್ಟರಲ್ಲಿ ಮೇಲ್ಮನವಿಯ ವಿಚಾರಣೆ ಬಂತು. ಹಳೆಯ ಸಾಹೇಬ ವರ್ಗವಾಗಿ ಹೋಗಿದ್ದ, ಹೊಸದಾಗಿ ಒಬ್ಬ ಅಧಿಕಾರಿಣಿ ಬಂದಿದ್ದಳು. ಇದೇ ಕೊನೆ. ಇಲ್ಲೂ ಸೋತರೆ ಮಳೆ ಮುಗಿಯುವುದರೊಳಗೆ ಮೇಲ್ದಡಕ್ಕೆ ಸಿಡಿಮದ್ದು ಇಡುತ್ತಾರೆ. ವಿಚಾರಣೆಯ ಹಿಂದಿನ ದಿನ ಬೆಳಿಗ್ಗೆ ಮಾವ, ಅತ್ತೆ ಇಬ್ಬರೂ ಅಕ್ಕನ ಕೋಣೆಗೆ ಬಂದರು. ಮಾವ ಕೂರಲಿಲ್ಲ. ಅತ್ತೆ ಮಂಚದ ತುದಿಯಲ್ಲಿ ಕೂತು ಇಡೀ ಕೋಣೆಯ ಮೇಲೆ ಕಣ್ಣಾಡಿಸಿದಳು. ಕಂಪನಿಯವರು ಕೊಡಿಸಿದ್ದು ಏನಾದರೂ ಇದೆಯೇ ಎಂದು ಹುಡುಕುತ್ತಿದ್ದಾಳೆ ಎಂಬುದು ಅಕ್ಕನಿಗೆ ಗೊತ್ತಾಯಿತು.

"ನಾಳೆ ನೀನು ಯಾರ ಕಡೆ ಕೂರ್ತೀಯ?" ಎಂದ ಮಾವ.

"ಇದೇನು ಮಾವ ಹೀಗ್ ಕೇಳ್ತೀಯ?"

"ಕೇಳಲೇಬೇಕಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದೋರು. ಕೇರಿಯಲ್ಲಿ ಜನ ಏನೇನೋ ಅಂತಾರೆ. ಅವನಿಗೆ ಸಿಕ್ಕಿದ್ರಲ್ಲಿ ನಿಂಗೂ ಪಾಲು ಇದೆಯಂತೆ."

"ಯಾರು ಹಂಗಂದೋರು? ಅವರ ನಾಲಿಗೆ ಸೇದಿಹೋಗ!" ಎಂದು ಅಕ್ಕ ಕೂಗಿದಳು. ಆದರೆ ಅತ್ತೆಯ ಕಣ್ಣು ಗೋಡೆಗೆ ನೇತುಹಾಕಿದ್ದ ಹೊಸ ಛತ್ರಿಯ ಮೇಲೆ ನಿಂತಿತ್ತು. ಅದು ಅಕ್ಕ ತನ್ನ ಸಂಬಳದಲ್ಲೇ ಕೊಂಡ ಛತ್ರಿ. ಹೇಳಿದರೂ ಯಾರು ನಂಬಬೇಕು?

ಅವರು ಹೋದ ಮೇಲೆ ಅವಳು ಕೆಲಸಕ್ಕೆ ಹೋಗಿ ಯಾಂತ್ರಿಕವಾಗಿ ಚಾದರಗಳ ರಾಶಿ ಮುಗಿಸಿದಳು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆಯೇ ಎದ್ದಳು. ಇವತ್ತು ಅವನ ಕತ್ತಿನ ಪಟ್ಟಿ ಹಿಡಿದು ಕೇಳಿಬಿಡಬೇಕು. ಹೌದೋ ಅಲ್ಲವೋ, ಎರಡರಲ್ಲಿ ಒಂದು. ಈ ಅಡ್ಡಗೋಡೆಯ ಮೇಲೆ ದೀಪವಿಡುವ ಆಟ ಸಾಕು.

ತಮ್ಮನ ಕೋಣೆ ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲೆ. ಕಬ್ಬಿಣದ ಮೆಟ್ಟಿಲು ಹತ್ತಿ ಬಾಗಿಲ ಹತ್ತಿರ ಬಂದರೆ ಒಳಗೆ ಮಾತು ಕೇಳಿಸಿತು. ಯಾರೋ ಇದ್ದಾರೆ! ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬಾಗಿಲಿಗೆ ಕಿವಿ ಹಚ್ಚಿದಳು.

"ಹೌದು, ನಾನೇ ಮಾಡಿದ್ದು," ಎನ್ನುತ್ತಿದ್ದ ತಮ್ಮ. ಕಚೇರಿಯ ದನಿ, ಪೇಟೆ ಮಾತು. "ಅವರು ಹೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು. ಬೇಕಂತಲೇ ತಿರುಚಿದೆ."

ಅಕ್ಕನ ಕೈಯಲ್ಲಿದ್ದ ಒಂದು ಚಪ್ಪಲಿ ಜಾರಿ ಮೆಟ್ಟಿಲ ಮೇಲೆ ಬಿತ್ತು. ಒಳಗಿನ ಮಾತು ನಿಂತಿತು. ಇನ್ನೇನು ಉಳಿದಿದೆ? ಅವಳು ಬಾಗಿಲನ್ನು ಕಾಲಿನಿಂದ ಒದ್ದು ಒಳಗೆ ನುಗ್ಗಿದಳು. ಕೈಯಲ್ಲಿ ಉಳಿದಿದ್ದ ಇನ್ನೊಂದು ಚಪ್ಪಲಿಯಲ್ಲೇ ಅವನ ಭುಜಕ್ಕೆ, ತಲೆಗೆ, ಎಲ್ಲೆಂದರಲ್ಲಿ ಬಾರಿಸಿದಳು.

"ಹಾಳಾದೋನೇ! ಮನೆಮುರುಕ! ನಿನ್ನ ಸಲುವಾಗಿ ನಾನು ಊರೋರ ಹತ್ರ ಬಾಯಿ ಬಡ್ಕೊಂಡೆನಲ್ಲೋ! ಯಾರು ಬಂದಿದ್ದಾರೆ ಇಲ್ಲಿ? ಯಾರಿಗೆ ಹೇಳ್ತಿದ್ದೆ? ಎಲ್ಲಿ ಬಚ್ಚಿಟ್ಟಿದ್ದೀಯ ಅವನನ್ನ?"

ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒಂದು ಕನ್ನಡಿ, ಅದರ ಮುಂದೆ ತಮ್ಮ. ಹೊಡೆತ ತಪ್ಪಿಸಿಕೊಳ್ಳಲು ತಲೆ ತಗ್ಗಿಸಿ ನಿಂತಿದ್ದ. ಅವಳು ಎತ್ತಿದ ಚಪ್ಪಲಿ ಇಳಿಸಿದಳು.

"ಯಾರಿಗೂ ಅಲ್ಲಕ್ಕ. ಕಲೀತಿದ್ದೆ," ಎಂದ.

"ಏನು ಕಲೀತಿದ್ದೆ?"

"ನಾಳೆ ಹೇಳೋಕೆ. ಹೇಳ್ಹೇಳ್ತಾ ತೊದಲಿಬಿಟ್ರೆ ಆ ಹೊಸ ಅಧಿಕಾರಿಣಿ ಅಮ್ಮ ನಂಬಲ್ಲ."

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇದೂ ಒಂದು ಹೊಸ ಆಟವೇ ಇರಬೇಕು ಎಂದುಕೊಂಡಳು. "ನೋಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳು. ಅವತ್ತು ಮಾವ ಏನಂದ? ನೀನೇನಂದೆ?"

ತಮ್ಮ ಮಂಚದ ಮೇಲೆ ಕೂತ. ಚಪ್ಪಲಿಯ ಧೂಳು ಅಂಗಿಯ ಮೇಲೆಲ್ಲ ಅಚ್ಚಾಗಿತ್ತು. "ಮೇಲ್ದಡ ನಿಮಗೇನಾಗಬೇಕು ಅಂತ ಸಾಹೇಬ ಕೇಳಿದ. ಮಾವ ನನ್ನನ್ನ ಪಕ್ಕಕ್ಕೆ ಸರಿಸಿ, ಪೇಟೆ ಮಾತಲ್ಲೇ ಗಟ್ಟಿಯಾಗಿ ಹೇಳಿದ: 'ಅದು ನಾವು ಬಿಟ್ಟಿದ್ದು ಸ್ವಾಮಿ.' ಸಾಹೇಬ ಏನಂತೆ ಅಂದ. 'ಬಿಟ್ಟಿದ್ದು ಅಂತಾರೆ' ಅಂತ ನಾನು ಇದ್ದದ್ದನ್ನ ಇದ್ದ ಹಾಗೇ ಹೇಳಿದೆ."

"ಸರಿಯಾಗೇ ಹೇಳಿದ್ದಾನಲ್ಲ ಮಾವ!" ಎಂದಳು ಅಕ್ಕ. "ನಾವು ಬಿಟ್ಟದ್ದೇ ತಾನೆ ಅದು? ಅದರಲ್ಲಿ ತಪ್ಪೇನು?"

ತಮ್ಮ ಅವಳನ್ನೇ ನೋಡಿದ. "ನಮ್ಮ ಕಿವಿಯಲ್ಲಿ ಕೇಳಬೇಡಕ್ಕ. ಪೇಟೆಯೋರ ಕಿವಿಯಲ್ಲಿ ಕೇಳು."

ಗುಡ್ಡದ ಮಾತಿಗೂ ಪೇಟೆಯ ಮಾತಿಗೂ ಅರ್ಧಕ್ಕರ್ಧ ಪದ ಒಂದೇ. ಎಡವಟ್ಟಿರುವುದೇ ಅಲ್ಲಿ. ಗುಡ್ಡದಲ್ಲಿ ನೆಲವನ್ನು ಎರಡು ಮೂರು ಬೆಳೆ ತೆಗೆದು ಬಿಡುತ್ತಾರೆ. ಬಿಡುವುದೆಂದರೆ ಉಸಿರು ತೆಗೆದುಕೊಳ್ಳಲು ಬಿಡುವುದು, ಪೊದೆ ಬೆಳೆಯಲು ಬಿಡುವುದು. ಆಗ ತೊಟ್ಟಿಲಲ್ಲಿದ್ದ ಕೂಸು ಬೆಳೆದು ಮದುವೆಗೆ ಬರುವ ಹೊತ್ತಿಗೆ ಮತ್ತೆ ಅದೇ ನೆಲಕ್ಕೆ ಹೋಗುತ್ತಾರೆ. ಬಿಟ್ಟವರೇ ತಿರುಗಿ ಹೋಗಬೇಕು, ಬೇರೆಯವರು ಕಾಲಿಡುವ ಹಾಗಿಲ್ಲ. ಹಾಗಾಗಿ ಅಲ್ಲಿ 'ಇದು ಯಾರದು?' ಎಂದರೆ 'ಅತ್ತೆ ಬಿಟ್ಟದ್ದು', 'ಅಜ್ಜ ಬಿಟ್ಟದ್ದು' ಎಂದೇ ಉತ್ತರ. ನಮ್ಮದು ಎನ್ನುವುದಕ್ಕೆ ಅದಕ್ಕಿಂತ ಬಲವಾದ ಮಾತು ಅವರಲ್ಲಿಲ್ಲ.

ಪೇಟೆಯಲ್ಲಿ? ಬಟ್ಟೆಮನೆಯಲ್ಲಿ ಅವಳ ಪಕ್ಕದ ಮೇಜಿನಲ್ಲಿ ಚಾದರ ಮಡಿಸುವವಳನ್ನು ಎಲ್ಲರೂ ಬೆನ್ನ ಹಿಂದೆ 'ಗಂಡ ಬಿಟ್ಟವಳು' ಅನ್ನುತ್ತಾರೆ. ಅಕ್ಕನಿಗೆ ಆ ಮಾತು ನೆನಪಾದದ್ದೇ ತಡ, ಅವಳು ಅಲ್ಲೇ ಕುಕ್ಕರಿಸಿದಳು.

"ಅಯ್ಯಯ್ಯೋ ಮಾವ! ಏನು ಮಾಡ್ಕೊಂಡ್ಬಿಟ್ಟೆಯೋ!"

"ನಂಗೆ ಆಗ ಗೊತ್ತೇ ಆಗಲಿಲ್ಲ," ಎಂದ ತಮ್ಮ. "ನಾನು ಯಾವ ನೆಲ ಬಿತ್ತಿದ್ದೀನಿ, ಯಾವ ನೆಲ ಬಿಟ್ಟಿದ್ದೀನಿ? ಹಾಸ್ಟೆಲಲ್ಲಿ ಬೆಳೆದವನು. ತೀರ್ಪು ಬಂದ ಮೇಲೆ ಹೊಳೆದಿದ್ದು. ಓಡಿಹೋಗಿ ಕಚೇರಿಯಲ್ಲಿ ಹೇಳಿದೆ. ನಕ್ಕುಬಿಟ್ರು. ಈಗ ಸೋತ ಮೇಲೆ ಅರ್ಥ ಬದಲಾಯಿಸ್ತೀರಾ ಅಂದ್ರು."

"ಮತ್ತೆ ಆ ವಕೀಲನ ಜೊತೆ ಏನು ಕೆಲಸ ನಿಂಗೆ?"

"ಕಾಯಿದೆ ಕೇಳೋಕೆ ಹೋಗಿದ್ದೆ. ನಮ್ಮ ಕಡೆ ವಕೀಲ ಎಲ್ಲಿದ್ದಾನೆ? ಯಾರದೋ ವಿಷಯ ಅನ್ನೋ ಥರ ಸುತ್ತಿ ಬಳಸಿ ಕೇಳಿದೆ. ಆ ಮುಠ್ಠಾಳ ಪೂರ್ತಿ ಹೇಳಿದ." ತಮ್ಮ ಮೊದಲ ಸಲ ಸ್ವಲ್ಪ ನಕ್ಕ. "ದುಭಾಷಿ ತಪ್ಪಿ ಹೇಳಿದ್ರೆ ತಿದ್ದೋಕೆ ಗಡುವಿದೆ. ಅದು ಮುಗಿದುಹೋಯ್ತು. ಮೋಸ ಮಾಡಿದ್ರೆ ಗಡುವಿಲ್ಲ. ಯಾವಾಗ ಗೊತ್ತಾದ್ರೂ ಹಳೇ ವಿಚಾರಣೆ ರದ್ದಾಗಬೇಕು, ಮತ್ತೆ ಮೊದಲಿಂದ ಕೂರಬೇಕು."

ಅಕ್ಕನಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾಗದಿದ್ದರೆ ಎಷ್ಟು ಚೆನ್ನಾಗಿತ್ತು.

"ಜೈಲಿಗೆ ಹಾಕ್ತಾರಲ್ಲೋ."

"ಹಾಕ್ತಾರೆ. ಜಾಸ್ತಿ ಅಲ್ಲ."

"ನಮ್ಮೋರಿಗೆ ಮೊದ್ಲೇ ಹೇಳೋಣ. ಮಾವನ ಕಿವಿಗೆ ಹಾಕೋಣ. ಅವನಿಗಾದ್ರೂ—"

"ಮಾವನಿಗಾ?" ತಮ್ಮ ಎದ್ದು ನಿಂತ. "ನಿಂಗೇನು ತಲೆ ನೆಟ್ಟಗಿದೆಯಾ? ಮಾವನಿಗೆ ತಿಳಿದ್ರೆ ನಾಳೆ ಎಲ್ಲರ ಮುಂದೆ ಎದ್ದು ನಿಂತು, ಹುಡುಗನದ್ದು ತಪ್ಪಿಲ್ಲ, ಹೇಳಿದ್ದು ನಾನೇ ಅಂತಾನೆ. ಆಮೇಲೆ ಏನಿದೆ? ಸ್ವಂತ ಬಾಯಲ್ಲಿ ಹೇಳಿದ್ದನ್ನ ಯಾವ ದೇವರೂ ರದ್ದು ಮಾಡಲ್ಲ. ಇಷ್ಟು ದಿನ ನಾನು ಬಾಯಿಗೆ ಬೀಗ ಹಾಕ್ಕೊಂಡಿದ್ದು ಯಾಕೆ ಅಂದ್ಕೊಂಡೆ? ನಿನ್ನ ಮನೆಗೆ ಊಟಕ್ಕೆ ಬರೋದು ಬಿಟ್ಟಿದ್ದು ಯಾಕೆ? ನಿನ್ನ ಕೈಯ ಒಂದು ತುತ್ತು ತಿಂದ್ರೆ ಎಲ್ಲ ಹೇಳ್ಕೊಂಡು ಅತ್ತುಬಿಡ್ತೀನಿ ಅಂತ ಹೆದರಿಕೆ."

ಅಕ್ಕ ತನ್ನ ಸೆರಗಿನಿಂದ ಅವನ ಅಂಗಿಯ ಮೇಲಿನ ಚಪ್ಪಲಿಯ ಧೂಳನ್ನು ಒರೆಸಿದಳು. ಹೋಗಲಿಲ್ಲ. ಅಂಗಿ ಬಿಚ್ಚಿಕೊಡು ಎಂದಳು. ಮೂಲೆಯಲ್ಲಿದ್ದ ನಲ್ಲಿಯಲ್ಲಿ ಅದನ್ನು ಒಗೆದು, ಹಿಂಡಿ, ಕುರ್ಚಿಯ ಬೆನ್ನಿಗೆ ಹರವಿದಳು. ಅಳು ಬಂದದ್ದು ಆಗ. ಸದ್ದಿಲ್ಲದೆ ಅತ್ತಳು. ತಮ್ಮ ಕನ್ನಡಿಯ ಮುಂದೆ ಹೋಗಿ ಮತ್ತೆ ತನ್ನ ಪಾಠ ಶುರು ಮಾಡಿದ. "ಹೌದು, ನಾನೇ ಮಾಡಿದ್ದು." ಅವಳು ಮೂಗು ಒರೆಸಿಕೊಂಡು, "ಅಷ್ಟು ಚೆನ್ನಾಗಿ ಹೇಳಬೇಡ. ಸ್ವಲ್ಪ ತಡವರಿಸು. ಕಳ್ಳರು ಯಾರೂ ಅಷ್ಟು ನೀಟಾಗಿ ಒಪ್ಪಿಕೊಳ್ಳಲ್ಲ," ಎಂದಳು.

ಮಾರನೆಯ ದಿನ ಕಚೇರಿಯ ಸಭಾಂಗಣದಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಒಂದು ಕಡೆ ಕಂಪನಿಯವರು, ಅವರ ಪಾಲಿಗೆ ಮೆತ್ತನೆಯ ಕುರ್ಚಿ. ಇನ್ನೊಂದು ಕಡೆ ಬೆಂಚಿನ ಮೇಲೆ ಗುಡ್ಡದವರು. ಬಾಗಿಲಲ್ಲಿ ಪೊಲೀಸಿನವನು ಇವರ ಚೀಲಗಳನ್ನಷ್ಟೇ ತೆಗೆಸಿ ನೋಡಿದ್ದ. ಅಕ್ಕ ಮಾವನ ಪಕ್ಕದಲ್ಲೇ ಕೂತಳು. ಅತ್ತೆ ತನ್ನ ಚೀಲವನ್ನು ಅವಳ ಕಡೆಯಿಂದ ತೆಗೆದು ಇನ್ನೊಂದು ಮಗ್ಗುಲಿಗೆ ಇಟ್ಟುಕೊಂಡಳು.

ಅಧಿಕಾರಿಣಿ ಮೃದು ದನಿಯ ಹೆಂಗಸು, ಆದರೆ ಕಣ್ಣು ಯಾರನ್ನೂ ಸುಲಭಕ್ಕೆ ನಂಬುವಂಥದ್ದಲ್ಲ. ತಮ್ಮ ಎದ್ದು ನಿಂತು ಹೇಳಬೇಕಾದದ್ದನ್ನು ಹೇಳಿದ. ತಡವರಿಸಿಯೇ ಹೇಳಿದ. ಗುಡ್ಡದವರ ಬೆಂಚಿನಲ್ಲಿ ಗುಲ್ಲೆದ್ದಿತು. ಹೇಳಿರಲಿಲ್ಲವಾ ನಾನು, ಹೇಳಿರಲಿಲ್ಲವಾ ಎಂದು ಅತ್ತೆ ಅಕ್ಕಪಕ್ಕದವರನ್ನು ತಿವಿದಳು. ಕಂಪನಿಯ ವಕೀಲನ ಮುಖ ನೋಡುವ ಹಾಗಿತ್ತು. ಕಾಯಿದೆ ಪಾಠ ಹೇಳಿಕೊಟ್ಟದ್ದು ಯಾರಿಗೆ ಎಂಬುದು ಅವನಿಗೆ ಆಗ ಹೊಳೆದಿರಬೇಕು.

"ಇದು ಸುಳ್ಳು ಮೇಡಂ," ಎಂದು ಅವನು ಎದ್ದ. "ತನ್ನ ಜನರಿಗೆ ಅನುಕೂಲ ಮಾಡಿಕೊಡೋಕೆ ಈಗ ಮೋಸದ ಕಥೆ ಕಟ್ಟುತ್ತಿದ್ದಾನೆ. ಆ ದಿನ ಹೇಳಿಕೆ ಕೊಟ್ಟ ಹಿರಿಯರು ಇಲ್ಲೇ ಇದ್ದಾರಲ್ಲ? ಅವರನ್ನೇ ಕೇಳಿ. ಅವರು ನಿಜವಾಗಿ ಅಂದದ್ದು ಏನು ಅಂತ."

ಅಧಿಕಾರಿಣಿ ಮಾವನ ಕಡೆ ತಿರುಗಿದಳು. "ಹೇಳಿ ಯಜಮಾನರೇ. ಆ ದಿನ ನೀವು ಅಂದದ್ದು ಏನು? ಅದೇ ಮಾತನ್ನ ಹೇಳಿ."

ತಮ್ಮ ಕಣ್ಣು ಮುಚ್ಚಿಕೊಂಡದ್ದನ್ನು ಅಕ್ಕ ನೋಡಿದಳು. ಮಾವ ಎದ್ದ. ಇಷ್ಟು ದಿನ ಇದೇ ಗಳಿಗೆಗೆ ಕಾದಿದ್ದವನ ಹಾಗೆ ಅಂಗಿ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ತನಗೆ ಬರುವ ಅಷ್ಟೂ ಪೇಟೆ ಮಾತನ್ನು ಒಟ್ಟುಗೂಡಿಸಿಕೊಂಡ.

"ನಾನು ಅವತ್ತೂ ಅದೇ ಅಂದೆ, ಇವತ್ತೂ ಅದೇ ಅಂತೀನಿ ತಾಯಿ. ಮೇಲ್ದಡ ನಾವು—"

"ಕಳ್ಳ ಅವನು!"

ಇಡೀ ಸಭಾಂಗಣ ತಿರುಗಿ ನೋಡಿತು. ಅಕ್ಕ ಬೆಂಚಿನಿಂದ ಎದ್ದುಬಿಟ್ಟಿದ್ದಳು. ಅವಳ ಕೈ ತಮ್ಮನ ಕಡೆ ಚಾಚಿತ್ತು. ಆ ಗಂಟಲು ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ.

"ಇನ್ನೇನು ಕೇಳ್ತೀರ ಮಾವನ್ನ? ವಯಸ್ಸಾದ ಜೀವ ಇನ್ನೆಷ್ಟು ಸಲ ಹೇಳಬೇಕು? ನಾನು ಹೇಳ್ತೀನಿ ಕೇಳಿ. ನಾನು ಅವನ ಒಡಹುಟ್ಟಿದ ಅಕ್ಕ. ಇವನು ನನ್ನ ಹತ್ರ ಒಪ್ಕೊಂಡಿದ್ದಾನೆ. ಬೇಕಂತಲೇ ತಿರುಚಿದೆ ಅಂತ ಇವನ ಬಾಯಿಂದಲೇ, ಈ ಕಿವಿಯಿಂದಲೇ ಕೇಳಿದ್ದೀನಿ. ಹುಟ್ಟಿದಾಗಿಂದ ಸುಳ್ಳುಬುರುಕ ಇವನು! ಹಾಸ್ಟೆಲಿಗೆ ಹೋದಮೇಲೆ ನಮ್ಮೋನಾಗಿ ಉಳೀಲೇ ಇಲ್ಲ. ನಮ್ಮ ಮಾತು ಬಾಯಲ್ಲಿತ್ತು ಅಷ್ಟೇ, ಹೊಟ್ಟೆಯಲ್ಲೆಲ್ಲ ವಿಷ. ಥೂ!"

ಮಾವನನ್ನು ಅವಳು ಭುಜ ಒತ್ತಿ ಕೂರಿಸಿದಳು. ಮಾವ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಹಾಗೇ ಕೂತುಬಿಟ್ಟ. ವಕೀಲ ಏನೋ ಹೇಳಲು ಬಾಯಿ ತೆರೆದ. ಅಧಿಕಾರಿಣಿ ಕೈ ಎತ್ತಿ ತಡೆದಳು. ಅವಳು ಅಕ್ಕನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಮ್ಮನನ್ನು.

"ಸ್ವಂತ ಅಕ್ಕ ಹೀಗನ್ನುತ್ತಿದ್ದಾರೆ. ನೀನೇನಂತೀಯ?"

ತಮ್ಮ ಕಣ್ಣು ತೆರೆದು ಅಕ್ಕನನ್ನು ನೋಡಿದ. ಅವನ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ನೆಮ್ಮದಿಯಿತ್ತು. ಅದನ್ನು ಬೇರೆ ಯಾರಾದರೂ ಕಂಡುಬಿಟ್ಟರೆ ಎಂದು ಅವಳಿಗೆ ಜೀವ ಹಾರಿತು. ಅಷ್ಟರಲ್ಲಿ ಅವನು ತಲೆ ತಗ್ಗಿಸಿದ. "ಅಕ್ಕ ಹೇಳಿದ್ದು ನಿಜ," ಎಂದ.

ಹಳೆಯ ವಿಚಾರಣೆ ರದ್ದಾಯಿತು. ಮತ್ತೆ ಮೊದಲಿನಿಂದ ಕೂರಬೇಕು, ಅಲ್ಲಿಯವರೆಗೆ ಮೇಲ್ದಡದಲ್ಲಿ ಯಾರೂ ಕಲ್ಲು ಮುಟ್ಟುವ ಹಾಗಿಲ್ಲ ಎಂದು ಅಧಿಕಾರಿಣಿ ಬರೆಸಿದಳು. ಮುಂದಿನ ಸಲಕ್ಕೆ ದುಭಾಷಿ ಯಾರು ಎಂಬ ಪ್ರಶ್ನೆ ಬಂತು. ಮಾವ ಹಿಂದೆ ಮುಂದೆ ನೋಡದೆ ಅಕ್ಕನ ತಲೆಯ ಮೇಲೆ ಕೈಯಿಟ್ಟ. "ಇವಳೇ ಆಗಲಿ ತಾಯಿ. ಸ್ವಂತ ತಮ್ಮನನ್ನೂ ಬಿಡಲಿಲ್ಲ ಇವಳು," ಎಂದ. ಪೊಲೀಸಿನವನು ತಮ್ಮನ ತೋಳು ಹಿಡಿದು ಪಕ್ಕದ ಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋದ. ಗುಡ್ಡದ ಹೆಂಗಸರು ಶಾಪ ಹಾಕಿದರು. ಅಕ್ಕ ಆ ಕಡೆ ನೋಡಲಿಲ್ಲ. ನೋಡಿದ್ದರೆ ಓಡಿಹೋಗಿ ತಬ್ಬಿಕೊಂಡುಬಿಡುತ್ತಿದ್ದಳು.

ಗುಡ್ಡಕ್ಕೆ ವಾಪಸಾಗುವ ಬಸ್ಸಿನಲ್ಲಿ ಎಲ್ಲರಿಗೂ ಮಾತೋ ಮಾತು. ಅವಳನ್ನು ಬಲವಂತವಾಗಿ ಜೊತೆಗೆ ಹತ್ತಿಸಿಕೊಂಡಿದ್ದರು. ಅತ್ತೆ ತನ್ನ ಡಬ್ಬಿಯ ಬುತ್ತಿಯನ್ನು ಮೊದಲು ಅವಳಿಗೇ ಕೊಟ್ಟಳು, ತಿನ್ನು ತಿನ್ನು ಎಂದು ಮೇಲೆ ಬಿದ್ದಳು. ಅಕ್ಕ ಬಾಯಿಗಿಟ್ಟುಕೊಂಡಳು. ನುಂಗಲು ಆಗುತ್ತಿರಲಿಲ್ಲ.

ಮಾವ ಅವಳ ಪಕ್ಕಕ್ಕೆ ಬಂದು ಕೂತ. "ನಿನ್ನ ಮೇಲೂ ಅನುಮಾನಪಟ್ಟೆವಲ್ಲ ಮಗಳೇ, ಹೊಟ್ಟೆಗೆ ಹಾಕ್ಕೋ," ಎಂದ. ಆಮೇಲೆ ಕೇಳಿದ. "ಅವನು ಯಾವಾಗ ಒಪ್ಕೊಂಡ ನಿನ್ನ ಹತ್ರ?"

ನಿನ್ನೆ ಎಂದರೆ ಇವತ್ತು ವಿಚಾರಣೆಗೆ ಮುಂಚೆ ಪಕ್ಕದಲ್ಲೇ ಕೂತಿದ್ದಾಗ ಯಾಕೆ ಹೇಳಲಿಲ್ಲ ಎನ್ನುತ್ತಾನೆ. ಹೇಗೆ ಒಪ್ಪಿಕೊಂಡ, ಏನೆಂದ, ಅವತ್ತು ನಾನಂದದ್ದನ್ನು ಹೇಗೆ ತಿರುಚಿದ ಎಂದು ಒಂದೊಂದೇ ಎಳೆ ಎಳೆಯುತ್ತಾನೆ. ಮಾವ ಹಿಡಿದ ಎಳೆ ಬಿಡುವವನಲ್ಲ. "ನಂಗೆ ಮೊದಲಿಂದಲೂ ಗೊತ್ತಿತ್ತು ಮಾವ," ಎಂದುಬಿಟ್ಟಳು.

"ಮೊದಲಿಂದಲೂ?"

"ಹೂಂ."

ಬಸ್ಸು ಏರು ಹತ್ತತೊಡಗಿತ್ತು. ಮಾವ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡ. ಅವನ ಮುಖದ ಮೇಲಿದ್ದ ಮಮತೆ ನಿಧಾನವಾಗಿ ಇಳಿಯುತ್ತಿರುವುದು ಅವಳಿಗೆ ಕಾಣುತ್ತಿತ್ತು.

"ಹಂಗಾದ್ರೆ ಇಷ್ಟು ದಿನ," ಎಂದ ಮಾವ, "ಯಾಕೆ ಸುಮ್ಮನಿದ್ದೆ ನೀನು?"

ಅತ್ತೆಯೂ ಅವಳ ಕಡೆ ತಿರುಗಿದಳು. ಅಕ್ಕ ಬಾಯಲ್ಲಿದ್ದ ತುತ್ತನ್ನು ಅಗಿಯುತ್ತಲೇ ಇದ್ದಳು, ನುಂಗುವವರೆಗಾದರೂ ಉತ್ತರ ಕೊಡಬೇಕಾಗಿಲ್ಲವಲ್ಲ.